ಅಸ್ಸಾಂ ಆಳಿನ ಲೆಕ್ಕ ಯಾರ ಹತ್ತಿರ ಇದೆ?

ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ದೊಡ್ಡ ಕಾಫಿ ತೋಟಗಳಿಗೆ ಹೋದರೆ ಈಗ ಕಣದಲ್ಲಿ ಹಿಂದಿ ಕೇಳಿಸುತ್ತದೆ. ಅಸ್ಸಾಂನಿಂದ ಬಂದವರು ಅರ್ಧಂಬರ್ಧ ಕಲಿತ ಹಿಂದಿ, ತೋಟದ ಲೆಕ್ಕ ಬರೆಯುವ ನಮ್ಮ ರೈಟರು ಟಿವಿ ನೋಡಿ ಕಲಿತ ಹಿಂದಿ. ಎರಡೂ ಸೇರಿ ಹೇಗೋ ಕೆಲಸ ನಡೆಯುತ್ತದೆ. ಸಂಜೆ ಹಣ್ಣು ತೂಗುವ ಹೊತ್ತಿಗೆ ಮಾತ್ರ ಯಾರಿಗೂ ಭಾಷೆಯ ತೊಂದರೆ ಇರುವುದಿಲ್ಲ. ಅರ್ಧ ಕೆಜಿ ಕಮ್ಮಿ ಬರೆದರೂ ತಕ್ಷಣ ಗೊತ್ತಾಗುತ್ತದೆ.

ಇವರು ಬರದಿದ್ದರೆ ಕೊಯ್ಲು ಮುಗಿಯುವುದಿಲ್ಲ. ಇದನ್ನು ಬೆಳೆಗಾರರೇ ಒಪ್ಪುತ್ತಾರೆ. ಆದರೂ ಆಗಾಗ ಒಂದು ವಿಡಿಯೊ ಮೊಬೈಲಿಂದ ಮೊಬೈಲಿಗೆ ಓಡಾಡುತ್ತದೆ. ‘ನಮ್ಮ ತೋಟಗಳಲ್ಲಿ ಬಾಂಗ್ಲಾದವರು ತುಂಬಿಕೊಂಡಿದ್ದಾರೆ’ ಅಂತ. ಯಾರೋ ಮನವಿ ಕೊಡುತ್ತಾರೆ. ಪೊಲೀಸರು ದಾಖಲೆ ಕೇಳುತ್ತಾರೆ. ರೈಟರು ಆಳುಗಳು ಇರುವ ಲೈನ್ ಮನೆಗಳಿಂದ ಆಧಾರ್ ಕಾರ್ಡ್ ಒಟ್ಟುಮಾಡಿಕೊಂಡು ಜೆರಾಕ್ಸ್ ಅಂಗಡಿಗೆ ಓಡುತ್ತಾರೆ. ಸ್ವಲ್ಪ ದಿನ ಕಳೆದರೆ ಎಲ್ಲ ತಣ್ಣಗಾಗುತ್ತದೆ, ಮುಂದಿನ ವಿಡಿಯೊ ಬರುವವರೆಗೆ.

ಬಂದವರು ಯಾವ ದೇಶದವರು ಎಂದು ಕೇಳುವುದು ತಪ್ಪಲ್ಲ. ನನಗೆ ಕಾಡುವ ಪ್ರಶ್ನೆ ಬೇರೆ. ಒಬ್ಬ ಮನುಷ್ಯ ಮೂರು ವರ್ಷದಿಂದ ಇದೇ ಜಿಲ್ಲೆಯಲ್ಲಿ ಹಣ್ಣು ಕೊಯ್ದಿದ್ದಾನೆ, ಮೆಣಸಿನ ಏಣಿ ಹತ್ತಿದ್ದಾನೆ, ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ ಮಾಡಿದ್ದಾನೆ. ಕೂಲಿಯವನಾಗಿ ಅವನ ಹೆಸರು ಸರ್ಕಾರದ ಯಾವ ಪುಸ್ತಕಕ್ಕೂ ಏರಿಲ್ಲ. ಅನುಮಾನ ಬಂದ ದಿನ ಮಾತ್ರ ಸ್ಟೇಷನ್ನಿನ ಪಟ್ಟಿಗೆ ಏರುತ್ತದೆ. ಹೀಗೆ ಯಾಕಾಯಿತು?

ಮೊದಲು ಅವರು ಯಾಕೆ ಬಂದರು ಅನ್ನುವುದನ್ನು ನೋಡೋಣ. ಮಲೆನಾಡಿನ ಕಾಫಿ ತೋಟಗಳು ಯಾವತ್ತೂ ಬರೀ ಊರಿನ ಆಳುಗಳಿಂದ ನಡೆದಿದ್ದಲ್ಲ. ಬ್ರಿಟಿಷರ ಕಾಲದಲ್ಲಿ ಆಳು ಹೊಂದಿಸುವ ಮೇಸ್ತ್ರಿಗಳು ಘಟ್ಟದ ಕೆಳಗಿನಿಂದ, ತಮಿಳುನಾಡಿನ ಕಡೆಯಿಂದ ಮುಂಗಡ ಕೊಟ್ಟು ಜನ ಕರೆತರುತ್ತಿದ್ದರು. ಮುಂಗಡ ತೆಗೆದುಕೊಂಡು ಕೆಲಸಕ್ಕೆ ಬಾರದೆ ಹೋದರೆ ಜೈಲಿಗೆ ಕಳಿಸಲು 1859ರ ಒಂದು ಕಾಯ್ದೆಯೇ ಇತ್ತು. ಅದು ರದ್ದಾಗಲು 1925ರವರೆಗೆ ಕಾಯಬೇಕಾಯಿತು. ಹಾಗೆ ಬಂದವರಲ್ಲಿ ಅನೇಕರು ಲೈನ್‌ಗಳಲ್ಲೇ ಉಳಿದರು. ಅವರ ಮೊಮ್ಮಕ್ಕಳು ಇವತ್ತು ನಮ್ಮೂರಿನವರೇ. ಕನ್ನಡ ಶಾಲೆಯಲ್ಲಿ ಓದಿದರು. ಬೆಂಗಳೂರಿಗೆ ಹೋದರು, ಹಾಸನದ ಬಟ್ಟೆ ಕಾರ್ಖಾನೆಗಳಿಗೆ ಸೇರಿದರು, ಕೆಲವರು ಗಲ್ಫಿಗೂ ಹೋದರು. ಅಪ್ಪ ಅಮ್ಮ ಮಾಡಿದ ಕೆಲಸ ತಮಗೆ ಬೇಡ ಅಂದರು. ಅದು ಒಳ್ಳೆಯದೇ ಆಯಿತು ಅಲ್ವಾ?

ತೋಟದ ಮನೆಗಳ ಜಗಲಿಯಲ್ಲಿ ಈಗ ಇನ್ನೊಂದು ಮಾತು ಜಾಸ್ತಿ ಕೇಳುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ಮೇಲೆ ಹೆಂಗಸರು ಕೆಲಸಕ್ಕೆ ಬರುತ್ತಿಲ್ಲ ಎಂಬ ಮಾತು. ನನಗೆ ಇದು ಅಷ್ಟು ಸರಿ ಅನ್ನಿಸುವುದಿಲ್ಲ. ಆ ಯೋಜನೆ ಶುರುವಾಗಿದ್ದು 2023ರ ಆಗಸ್ಟ್‌ನಲ್ಲಿ. ಅಸ್ಸಾಂನವರು ಇಲ್ಲಿಗೆ ಬರಲು ಶುರುಮಾಡಿದ್ದು ಅದಕ್ಕಿಂತ ಎಷ್ಟೋ ವರ್ಷ ಮೊದಲು.

ಅವರ ಊರಿನ ಕಥೆ ನಮಗೆ ಅಷ್ಟಾಗಿ ಗೊತ್ತಿಲ್ಲ. ಬ್ರಹ್ಮಪುತ್ರಾ ಪ್ರತಿ ವರ್ಷ ದಡ ಕೊರೆಯುತ್ತದೆ. ಅಸ್ಸಾಂ ಸರ್ಕಾರದ ಲೆಕ್ಕದಲ್ಲೇ 1950ರಿಂದ ಈಚೆಗೆ 4.27 ಲಕ್ಷ ಹೆಕ್ಟೇರ್ ನೆಲ ಹೊಳೆಪಾಲಾಗಿದೆ. ಇಡೀ ರಾಜ್ಯದ ನೆಲದಲ್ಲಿ ಅದು ನೂರಕ್ಕೆ ಏಳರಷ್ಟು. ನೆರೆ ಬಂದರೆ ನೀರು ಇಳಿದ ಮೇಲೆ ಗದ್ದೆ ವಾಪಸ್ ಸಿಗುತ್ತದೆ. ಕೊರೆತದಲ್ಲಿ ಹಾಗಲ್ಲ, ಗದ್ದೆಯೇ ಇರುವುದಿಲ್ಲ. ಮರಿಗಾಂವ್, ಬರ್ಪೇಟಾ, ಧುಬ್ರಿ ಜಿಲ್ಲೆಗಳ ಎಷ್ಟೋ ಕುಟುಂಬಗಳು ಹೀಗೆ ಮತ್ತೆ ಮತ್ತೆ ಜಾಗ ಬದಲಿಸಿವೆ. ಮರಳುದಿಣ್ಣೆಗಳ ಮೇಲೆ ಮನೆ ಕಟ್ಟಿಕೊಂಡಿವೆ. ಅಲ್ಲೇ ಉಳಿದು ಚಹಾ ತೋಟದಲ್ಲಿ ದುಡಿಯೋಣ ಅಂದರೆ, 2023ರ ಅಕ್ಟೋಬರ್‌ನಲ್ಲಿ ಏರಿಸಿದ ಮೇಲೂ ಬ್ರಹ್ಮಪುತ್ರಾ ಕಣಿವೆಯ ದಿನಗೂಲಿ ಇದ್ದದ್ದು 250 ರೂಪಾಯಿ. ಇಲ್ಲಿ ರೊಬಸ್ಟಾ ಕಾಫಿ ಹಣ್ಣು ಚೆನ್ನಾಗಿ ಹಿಡಿದ ತೋಟದಲ್ಲಿ ಕೆಜಿ ಲೆಕ್ಕಕ್ಕೆ ಕೊಯ್ದರೆ ಅದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ. 2024ರಲ್ಲಿ ರೊಬಸ್ಟಾಕ್ಕೆ ಹಿಂದೆಂದೂ ಕಾಣದ ಬೆಲೆ ಬಂತು. ಆಗ ಹಣ್ಣು ಗಿಡದಲ್ಲೇ ಒಣಗಲು ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಆಳಿಗೆ ಪೈಪೋಟಿ ಇನ್ನೂ ಏರಿತು.

ಹೊರಗಿನ ಆಳು ಬೆಳೆಗಾರರಿಗೆ ಇಷ್ಟವಾಗಲು ಕೂಲಿ ದರ ಒಂದೇ ಕಾರಣ ಅಲ್ಲ. ದಿನದ ಕೂಲಿಯಲ್ಲಿ ಭಾರಿ ವ್ಯತ್ಯಾಸ ಏನೂ ಇರುವುದಿಲ್ಲ. ವ್ಯತ್ಯಾಸ ಇರುವುದು ಜವಾಬ್ದಾರಿಯಲ್ಲಿ. 1951ರ ಪ್ಲಾಂಟೇಷನ್ ಲೇಬರ್ ಕಾಯ್ದೆ ಪ್ರಕಾರ 5 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ, 15 ಜನ ದುಡಿಯುವ ತೋಟದಲ್ಲಿ ಮನೆ, ನೀರು, ಆಸ್ಪತ್ರೆ ಸೌಲಭ್ಯ ಕೊಡಬೇಕಿತ್ತು. 50 ಹೆಂಗಸರಿದ್ದರೆ ಶಿಶುವಿಹಾರ ಬೇಕಿತ್ತು. ಅದರ ಜೊತೆಗೆ ಪಿಎಫ್, ಗ್ರಾಚ್ಯುಟಿ, ಬೋನಸ್. ಇವನ್ನೆಲ್ಲ ಕೇಳಲು ಹಳೆಯ ಲೈನ್‌ನವರಿಗೆ ಯೂನಿಯನ್ ಇತ್ತು. ನವೆಂಬರ್‌ನಲ್ಲಿ ಬಂದು ಮಾರ್ಚ್‌ನಲ್ಲಿ ಹೋಗುವವರು ಏನನ್ನೂ ಕೇಳುವುದಿಲ್ಲ. ಇನ್ನು ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಜಾಸ್ತಿ 10 ಹೆಕ್ಟೇರ್‌ಗಿಂತ ಚಿಕ್ಕವು. ಅವುಗಳಲ್ಲಿ ಎಷ್ಟೋ ತೋಟಗಳು ಆ ಕಾಯ್ದೆಯ ಅಳತೆಗೇ ಬರುತ್ತಿರಲಿಲ್ಲ. ಆರೆಂಟು ಎಕರೆಯ ಬೆಳೆಗಾರನಿಗೆ ಶಿಶುವಿಹಾರ ಕಟ್ಟು ಅನ್ನುವುದೂ ನ್ಯಾಯ ಅಲ್ಲ ಬಿಡಿ. ಆದರೆ ಅಲ್ಲಿ ದುಡಿಯುವವರ ಪಾಲಿಗೆ ಆ ಕಾಯ್ದೆ ಇದ್ದೂ ಇಲ್ಲದ ಹಾಗಿತ್ತು.

ಇವರಿಗೆಂದೇ ಇನ್ನೊಂದು ಕಾಯ್ದೆ ಇತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ. ಬೇರೆ ರಾಜ್ಯದಿಂದ ಐದು ಜನರನ್ನು ಕರೆತಂದರೂ ಕರೆತಂದವನಿಗೆ ಲೈಸೆನ್ಸ್ ಬೇಕಿತ್ತು. ಪ್ರತಿಯೊಬ್ಬರಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕಿತ್ತು. ಕೂಲಿ ಎಷ್ಟು, ಮುಂಗಡ ಎಷ್ಟು ಅಂತ ಅದರಲ್ಲಿ ಬರೆಯಬೇಕಿತ್ತು. ಹೋಗಿಬರುವ ಖರ್ಚು ಕೊಡಬೇಕಿತ್ತು. ಓದಲು ಚೆನ್ನಾಗಿದೆ. ನಮ್ಮ ಕಡೆ ಆ ಪಾಸ್‌ಬುಕ್ ಹಿಡಿದ ಕೈ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಇದು ಹೇಗೆ ತಪ್ಪಿಹೋಗುತ್ತದೆ ಅಂದರೆ, ಕಾನೂನಿನ ಕಣ್ಣಲ್ಲಿ ಗುತ್ತಿಗೆದಾರ ಅನ್ನಿಸಿಕೊಳ್ಳುವವನು ಅದೇ ಊರಿನ, ಅದೇ ಬೋಗಿಯಲ್ಲಿ ಕೂತು ಬಂದ, ಸ್ವಲ್ಪ ಹಿಂದಿ ಜಾಸ್ತಿ ಬರುವ ಹುಡುಗ. ಅವನೇ ಮೇಸ್ತ್ರಿ. ಬೆಳೆಗಾರ ಅವನ ಕೈಗೆ ಒಂದು ಮೊತ್ತ ಕೊಡುತ್ತಾನೆ, ಅವನು ಮೂವತ್ತು ಜನರನ್ನು ತರುತ್ತಾನೆ. ಯಾರಿಗೆ ಎಷ್ಟು ಕೊಟ್ಟ, ಎಷ್ಟು ಹಿಡಿದುಕೊಂಡ ಅನ್ನುವುದು ಅವನ ಜೇಬಿನ ಚಿಕ್ಕ ಪುಸ್ತಕದಲ್ಲಿ ಇರುತ್ತದೆ. ಮೋಸ ಎರಡೂ ಕಡೆ ಆಗುತ್ತದೆ. ಮುಂಗಡ ತೆಗೆದುಕೊಂಡು ರಾತ್ರೋರಾತ್ರಿ ಇನ್ನೊಂದು ತೋಟಕ್ಕೆ ಹಾರಿದ ತಂಡಗಳ ಕಥೆ ಪ್ರತಿ ಬೆಳೆಗಾರನ ಹತ್ತಿರವೂ ಒಂದಿದೆ. ಲೆಕ್ಕ ಕೇಳಿದ್ದಕ್ಕೆ ಬೈಸಿಕೊಂಡು ಖಾಲಿ ಕೈಯಲ್ಲಿ ರೈಲು ಹತ್ತಿದವರ ಕಥೆಗಳೂ ಇವೆ. ಅವು ಜಗಲಿಯವರೆಗೆ ಬರುವುದಿಲ್ಲ, ಅಷ್ಟೆ.

2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಮೇಸ್ತ್ರಿ ಇಲ್ಲದೆ ತಾನಾಗಿ ಬಂದವನೂ ತಿಂಗಳ ದುಡಿಮೆ 18,000 ರೂಪಾಯಿ ಮೀರದಿದ್ದರೆ ಈಗ ವಲಸೆ ಕಾರ್ಮಿಕನೇ. ಇದು ಒಳ್ಳೆಯ ಬದಲಾವಣೆ. ಆದರೆ ಐದು ಜನ ಇದ್ದ ಮಿತಿ ಹತ್ತಕ್ಕೆ ಏರಿದೆ. ಊರು ಬಿಟ್ಟು ಬಂದಿದ್ದಕ್ಕೆ ಕೊಡಬೇಕಿದ್ದ ಪ್ರತ್ಯೇಕ ಭತ್ಯೆ ಕೈಬಿಟ್ಟುಹೋಗಿದೆ. ನಮ್ಮ ಸಣ್ಣ ತೋಟಗಳ ಲೆಕ್ಕದಲ್ಲಿ ನೋಡಿದರೆ ಹತ್ತರ ಮಿತಿ ದೊಡ್ಡ ಕಿಂಡಿ.

ಆಧಾರ್ ತೋರಿಸಿದರೆ ಏನು ಗೊತ್ತಾಗುತ್ತದೆ?

ಪೌರತ್ವದ ಮಟ್ಟಿಗೆ ಏನೂ ಗೊತ್ತಾಗುವುದಿಲ್ಲ. ಆಧಾರ್ ಪೌರತ್ವಕ್ಕೆ ಪುರಾವೆ ಅಲ್ಲ ಅಂತ 2016ರ ಆಧಾರ್ ಕಾಯ್ದೆಯಲ್ಲೇ ಬರೆದಿದೆ. ಹಾಗಾದರೆ ಪುರಾವೆ ಯಾವುದು? ‘ಇವನು ಭಾರತೀಯ’ ಎಂದು ಹೇಳುವ ಒಂದೇ ಒಂದು ಕಾರ್ಡ್ ಈ ದೇಶದಲ್ಲಿ ಎಲ್ಲರ ಕೈಯಲ್ಲೂ ಇಲ್ಲ. 1987ರ ಜುಲೈ 1ಕ್ಕಿಂತ ಮೊದಲು ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಆಮೇಲೆ ಹುಟ್ಟಿದವರಿಗೆ ಅಪ್ಪ ಅಮ್ಮನ ಪೌರತ್ವವನ್ನೂ ನೋಡುತ್ತಾರೆ. ಇದನ್ನು ಕಾಗದದಲ್ಲಿ ತೋರಿಸು ಅಂದರೆ ನಮ್ಮ ಹಳ್ಳಿಯ ಎಷ್ಟು ಅಜ್ಜಿಯರ ಹತ್ತಿರ ಜನನ ಪತ್ರ ಸಿಗುತ್ತದೆ? ಯಾರೂ ಕೇಳುವುದಿಲ್ಲವಾದ್ದರಿಂದ ನಾವು ಬಚಾವ್.

ಅಸ್ಸಾಂನವರನ್ನು ಕೇಳಿದ್ದಾರೆ. ಅಲ್ಲಿ 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮೊದಲೇ ನಮ್ಮ ಹಿರಿಯರು ಇಲ್ಲಿದ್ದರು ಅಂತ ತೋರಿಸಬೇಕು. ಅದಕ್ಕಾಗಿ ಇಡೀ ರಾಜ್ಯದ ಜನ ಅಜ್ಜನ ಹೆಸರಿರುವ ಹಳೆಯ ಮತದಾರರ ಪಟ್ಟಿ ಹುಡುಕಿಕೊಂಡು ಅಲೆದರು. 2019ರ ಆಗಸ್ಟ್ 31ಕ್ಕೆ ಬಂದ ಅಂತಿಮ ಎನ್‌ಆರ್‌ಸಿಯಲ್ಲಿ, ಅಂದರೆ ರಾಷ್ಟ್ರೀಯ ಪೌರತ್ವ ನೋಂದಣಿ ಪಟ್ಟಿಯಲ್ಲಿ, 19,06,657 ಜನರ ಹೆಸರು ಇರಲಿಲ್ಲ. ಒಂದೇ ಮನೆಯಲ್ಲಿ ಅಣ್ಣ ಒಳಗೆ, ತಮ್ಮ ಹೊರಗೆ ಅನ್ನುವ ಹಾಗಾಯಿತು. ಹೊರಗುಳಿದವರಲ್ಲಿ ಹಿಂದೂಗಳೂ ಬಹಳ ಜನ ಇದ್ದರು. ಮುಂದೆ ಆ ಪಟ್ಟಿ ಅಧಿಕೃತ ಅಧಿಸೂಚನೆಯ ಹಂತಕ್ಕೆ ಹೋಗದೆ ನಿಂತಿತು.

ಲೈನ್ ಮನೆಯಲ್ಲಿ ಒಬ್ಬರ ಪ್ಲಾಸ್ಟಿಕ್ ಕವರ್ ಬಿಚ್ಚಿ ನೋಡಿದ್ದೇನೆ. ಲ್ಯಾಮಿನೇಷನ್ ಮಾಡಿದ ಆಧಾರ್. ಪಾನ್ ಕಾರ್ಡ್. ಪಂಚಾಯಿತಿಯವರು ಕೊಟ್ಟ ಪತ್ರ, ಮಡಿಕೆಯಲ್ಲಿ ಹರಿದದ್ದು. ಅದರ ಕೆಳಗೆ ಅಸ್ಸಾಮಿ ಲಿಪಿಯ ಒಂದು ಹಳೆಯ ಪಟ್ಟಿಯ ಜೆರಾಕ್ಸ್. ಜೆರಾಕ್ಸಿನ ಜೆರಾಕ್ಸ್ ಇರಬೇಕು, ಅರ್ಧ ಅಕ್ಷರ ಕಪ್ಪು ಮಸಿ. ಒಂದು ಸಾಲಿಗೆ ಕೆಂಪು ಪೆನ್ನಿನ ಗೆರೆ. ಅಜ್ಜನ ಹೆಸರಂತೆ. ರೈಟರಿಗೆ ಬೇಕಿದ್ದಿದ್ದು ಆಧಾರ್ ಒಂದೇ. ಆ ಮನುಷ್ಯ ಇಡೀ ಕವರನ್ನೇ ಮುಂದಿಟ್ಟ. ಅಷ್ಟೂ ಕಾಗದ ಜೊತೆಗಿಟ್ಟುಕೊಂಡು ಎರಡು ರಾತ್ರಿ ಮೀರುವ ರೈಲು ಪ್ರಯಾಣ ಮಾಡಿ ಕಾಫಿ ಕೊಯ್ಯಲು ಬಂದಿದ್ದಾನೆ.

ಇಷ್ಟಿದ್ದರೂ ಒಂದು ಅಕ್ಷರ ಹೆಚ್ಚುಕಡಿಮೆ ಆದರೆ ಸಾಕು. ನಲ್ಬಾರಿ ಜಿಲ್ಲೆಯ ರಹೀಂ ಅಲಿ ಎಂಬುವರನ್ನು ಅಲ್ಲಿನ ವಿದೇಶಿಯರ ನ್ಯಾಯಮಂಡಳಿ 2012ರಲ್ಲಿ ವಿದೇಶಿ ಅಂತ ತೀರ್ಮಾನಿಸಿತು. ಹೆಸರಿನ ಬರವಣಿಗೆ, ತಾರೀಕುಗಳಲ್ಲಿ ಸಣ್ಣ ವ್ಯತ್ಯಾಸ ಇದ್ದದ್ದು ಅವರಿಗೆ ಮುಳುವಾಯಿತು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅವರು ಭಾರತೀಯರೇ ಎಂದಿತು. ಯಾವ ಆಧಾರವೂ ಇಲ್ಲದೆ ಸುಮ್ನೆ ಯಾರನ್ನೋ ಹಿಡಿದು ಪುರಾವೆ ಕೊಡು ಅನ್ನುವಂತಿಲ್ಲ ಎಂದೂ ಹೇಳಿತು. ಆ ತೀರ್ಪು ಬರುವ ಹೊತ್ತಿಗೆ ರಹೀಂ ಅಲಿ ತೀರಿಕೊಂಡು ಎರಡೂವರೆ ವರ್ಷವಾಗಿತ್ತು.

ಇಲ್ಲಿ ಕಾನೂನಿನ ಒಂದು ವಿಶೇಷ ತಿಳಿದಿರಬೇಕು. ಕಳ್ಳತನದ ಕೇಸಿನಲ್ಲಿ ನೀನು ಕದ್ದೆ ಅಂತ ಪೊಲೀಸರು ಸಾಬೀತು ಮಾಡಬೇಕು. ವಿದೇಶಿ ಎಂಬ ಆರೋಪದಲ್ಲಿ ಅದು ತಿರುವುಮುರುವು. ನಾನು ವಿದೇಶಿ ಅಲ್ಲ ಅಂತ ಆರೋಪ ಹೊತ್ತವನೇ ತೋರಿಸಬೇಕು. 1946ರ ವಿದೇಶಿಯರ ಕಾಯ್ದೆಯ 9ನೇ ಕಲಂ ಹೀಗೇ ಹೇಳುತ್ತಿತ್ತು. ಆ ಕಾಯ್ದೆ ತೆಗೆದು 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ತಂದರೂ ಈ ನಿಯಮ ಹಾಗೇ ಉಳಿದಿದೆ. ಹಾಗಾಗಿ ವಿಡಿಯೊ ಮಾಡುವವರು ಸುಲಭವಾಗಿ ಎಸೆಯುವ ಆ ಒಂದು ಮಾತನ್ನು ಇಳಿಸಿಕೊಳ್ಳುವುದು ಹೊತ್ತವನಿಗೆ ಬಹಳ ಕಷ್ಟ.

ಅನುಮಾನ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಉಡುಪಿಯ ಮಲ್ಪೆಯಲ್ಲಿ, ನವೆಂಬರ್‌ನಲ್ಲಿ ಚಿತ್ರದುರ್ಗದಲ್ಲಿ ನಕಲಿ ದಾಖಲೆ ಇಟ್ಟುಕೊಂಡ ಬಾಂಗ್ಲಾದೇಶದವರನ್ನು ಪೊಲೀಸರು ಹಿಡಿದರು. ಅಕ್ರಮವಾಗಿ ಗಡಿ ದಾಟಿ ಬಂದವರನ್ನು ಕಾನೂನು ಪ್ರಕಾರ ವಾಪಸ್ ಕಳಿಸುವುದು ಯಾವ ಸರ್ಕಾರಕ್ಕೂ ಬಿಟ್ಟದ್ದು. ಆದರೆ ಆ ಎರಡು ಜಾಗಗಳಲ್ಲೂ ಸಿಕ್ಕಿಬಿದ್ದವರು ಬೆರಳೆಣಿಕೆಯಷ್ಟು. ಪೊಲೀಸರು ವ್ಯಕ್ತಿ ವ್ಯಕ್ತಿಯನ್ನು ತನಿಖೆ ಮಾಡಿ ಹಿಡಿದಿದ್ದು. ಲುಂಗಿ, ಗಡ್ಡ, ಮಾತಿನ ಧಾಟಿ ನೋಡಿ ಇಡೀ ಲೈನನ್ನೇ ಸಾಲಾಗಿ ನಿಲ್ಲಿಸಿ ಮೊಬೈಲ್ ಕ್ಯಾಮೆರಾ ಹಿಡಿಯುವುದು ತನಿಖೆ ಅಲ್ಲ.

ಹಾಗೆ ಮಾಡಿದಾಗ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರು ಅಂತ ಗುಡಿಸಲುಗಳನ್ನು ಕೆಡವಿಹಾಕಿದರು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು! ಹೈಕೋರ್ಟ್ ಸರ್ಕಾರಕ್ಕೆ ಛೀಮಾರಿ ಹಾಕಿತು. ಇನ್ನೂ ಕೆಟ್ಟದ್ದು 2025ರ ಜೂನ್‌ನಲ್ಲಿ ಆಯಿತು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬರನ್ನು ದೆಹಲಿಯಲ್ಲಿ ಹಿಡಿದು, ಗಂಡ ಮತ್ತು ಮಗನ ಜೊತೆ ಬಾಂಗ್ಲಾ ಗಡಿಯಾಚೆ ದಬ್ಬಿದರು. ಅಲ್ಲಿನವರು ಅಕ್ರಮವಾಗಿ ಬಂದಿದ್ದೀರಿ ಅಂತ ಜೈಲಿಗೆ ಹಾಕಿದರು. ಕಲ್ಕತ್ತಾ ಹೈಕೋರ್ಟ್, ಆಮೇಲೆ ಸುಪ್ರೀಂ ಕೋರ್ಟ್ ಮಧ್ಯೆ ಬಂದು ಆಕೆ ಮತ್ತು ಮಗ ವಾಪಸ್ ಬರುವಾಗ ಡಿಸೆಂಬರ್ ಆಗಿತ್ತು.

ಈ ಸುದ್ದಿಗಳು ಲೈನ್ ಮನೆಗಳಿಗೂ ತಲುಪುತ್ತವೆ. ಅವರ ಹತ್ತಿರವೂ ಮೊಬೈಲ್ ಇದೆ. 2025ರ ನವೆಂಬರ್‌ನಲ್ಲಿ ಪಶ್ಚಿಮ ಬಂಗಾಳದಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಶುರುವಾಯಿತು. ನಮ್ಮಲ್ಲಿ ಅರೇಬಿಕಾ ಕಾಫಿ ಕೊಯ್ಲು ಶುರುವಾಗುವುದೂ ಅದೇ ಹೊತ್ತಿಗೆ. ಆ ಕಡೆಯಿಂದ ಬಂದವರಿಗೆ ಫಾರಂ ತುಂಬಲು ಊರಿಗೆ ಓಡಬೇಕಾ, ಇಲ್ಲಿ ಕೂಲಿ ಉಳಿಸಿಕೊಳ್ಳಬೇಕಾ ಅನ್ನುವ ಚಿಂತೆ. ಊರಿಗೆ ಹೊರಟರೆ ಬೆಳೆಗಾರನಿಗೆ ‘ಮುಂಗಡ ತಿಂದು ಓಡಿದ’ ಅಂತ ಕಾಣುತ್ತದೆ.

ನಮ್ಮ ಮಕ್ಕಳ ವಿಷಯಕ್ಕೆ ಬಂದಾಗ ಇದೆಲ್ಲ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಹಾಸನ, ಚಿಕ್ಕಮಗಳೂರಿನ ಎಷ್ಟೋ ತೋಟದ ಮನೆಗಳ ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಕೈಗೆ ಕೋಳ ಹಾಕಿ ತಂದು ಅಮೃತಸರದಲ್ಲಿ ಇಳಿಸಿದಾಗ ಇಲ್ಲಿನ ಜಗಲಿಗಳಲ್ಲೂ ಸಿಟ್ಟು ಬಂತು. ಏಪ್ರಿಲ್‌ನಲ್ಲಿ 18 ದಾಟಿದ ವಿದೇಶಿಯರು ನೋಂದಣಿ ಕಾಗದ ಸದಾ ಜೊತೆಗೆ ಇಟ್ಟುಕೊಂಡಿರಬೇಕೆಂಬ ಹಳೆಯ ನಿಯಮವನ್ನು ಅಲ್ಲಿ ಬಿಗಿ ಮಾಡಿದರು. ಸೆಪ್ಟೆಂಬರ್‌ನಲ್ಲಿ ಅಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂದರು. ಮಗ ಹಾಲು ತರಲು ಹೋದರೂ ಕಾಗದ ಜೇಬಿನಲ್ಲಿ ಇಟ್ಟುಕೊಳ್ಳಬೇಕಲ್ಲ ಅಂತ ಅಮ್ಮಂದಿರಿಗೆ ಆತಂಕ. ಅದೇ ವಾರ ಅದೇ ಮನೆಯ ರೈಟರು ಲೈನಿಗೆ ಹೋಗಿ ಆಧಾರ್ ಕೇಳುತ್ತಾರೆ.

ಆದರೆ ಈ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ನಮ್ಮ ಹುಡುಗ ಅಮೆರಿಕದಲ್ಲಿ ಕಾನೂನು ಪ್ರಕಾರವೇ ವಿದೇಶಿ. ವೀಸಾದ ಷರತ್ತು ಒಪ್ಪಿಕೊಂಡೇ ಹೋದವನು. ಬರ್ಪೇಟಾದವನು ಮೂಡಿಗೆರೆಗೆ ಬರಲು ಯಾರ ಅನುಮತಿಯನ್ನೂ ಕೇಳಬೇಕಿಲ್ಲ. ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿಯೇ ಕೊಟ್ಟಿದೆ. ಬಂದದ್ದು ತನ್ನದೇ ದೇಶಕ್ಕೆ, ಸಿಕ್ಕಿದ್ದು ಪರದೇಶಿಯ ಮರ್ಯಾದೆ. ಅಮೆರಿಕದ ಹುಡುಗನಿಗಿಂತ ಇವನ ಪಾಡು ಆ ಲೆಕ್ಕದಲ್ಲಿ ಇನ್ನೂ ವಿಚಿತ್ರ.

ಲೆಕ್ಕಕ್ಕೆ ಇಲ್ಲದಿದ್ದರೆ ಏನು ಕಳೆದುಹೋಗುತ್ತದೆ

ಆನೆಯ ವಿಷಯವನ್ನೇ ತೆಗೆದುಕೊಳ್ಳಿ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆ ದಿನನಿತ್ಯದ ಮಾತು. ಹಿಂಡು ಯಾವ ಕಡೆ ಇದೆ ಅಂತ ಅರಣ್ಯ ಇಲಾಖೆ ಎಸ್‌ಎಂಎಸ್, ವಾಟ್ಸಾಪ್ ಕಳಿಸುತ್ತದೆ, ರಸ್ತೆಬದಿ ಬೋರ್ಡಿನಲ್ಲಿ ತೋರಿಸುತ್ತದೆ. ಊರವರು ಅದನ್ನು ನೋಡಿಯೇ ಬೆಳಗ್ಗೆ ಮನೆ ಬಿಡುತ್ತಾರೆ. ಹೋದ ವಾರ ಬಂದಿಳಿದವನ ನಂಬರ್ ಯಾವ ಗುಂಪಿನಲ್ಲೂ ಇಲ್ಲ. ಇದ್ದರೂ ಅವನಿಗೆ ಕನ್ನಡ ಓದಲು ಬರುವುದಿಲ್ಲ. ಮಂಜಿನಲ್ಲಿ ಲೈನಿನಿಂದ ತೋಟಕ್ಕೆ ನಡೆದು ಹೋಗುವವನು ಅವನೇ. ಅನಾಹುತ ಆದರೆ ಪರಿಹಾರ ಕೊಡಬೇಕು, ನಿಜ. ಆದರೆ ವಾರಸುದಾರರು ಮೂರು ಸಾವಿರ ಕಿಲೋಮೀಟರ್ ದೂರದಲ್ಲಿದ್ದಾರೆ. ಸತ್ತವನು ಆ ತೋಟದಲ್ಲಿ ಕೆಲಸ ಮಾಡುತ್ತಿದ್ದ ಅನ್ನುವುದಕ್ಕೆ ಒಂದು ಹಾಜರಿ ಪುಸ್ತಕವೂ ಇರುವುದಿಲ್ಲ.

ಮಕ್ಕಳದು ಇನ್ನೊಂದು ಪಾಡು. ಹುಟ್ಟಿದ ದಿನದ ದಾಖಲೆ ಇಲ್ಲ, ಟಿಸಿ ಇಲ್ಲ ಅಂತ ಮಗುವನ್ನು ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮಕ್ಕಳಿಲ್ಲದೆ ಮುಚ್ಚುವ ಭಯದಲ್ಲಿರುವ ಮಲೆನಾಡಿನ ಸರ್ಕಾರಿ ಶಾಲೆಗಳ ಮೇಷ್ಟ್ರುಗಳು ಲೈನಿಗೇ ಹೋಗಿ ಮಕ್ಕಳನ್ನು ಕರೆತರುವುದೂ ಉಂಟು. ಇವರೊಬ್ಬರೇ ಈ ಜನರ ಹತ್ತಿರ ಹೋಗಿ, ಕಾಗದ ಬೇಡ, ಬನ್ನಿ ಅನ್ನುವವರು. ಆ ಮಕ್ಕಳು ಮೂರು ತಿಂಗಳಲ್ಲಿ ಕನ್ನಡ ಮಾತಾಡುತ್ತವೆ, ಮಾರ್ಚ್‌ನಲ್ಲಿ ಹೊರಟುಹೋಗುತ್ತವೆ.

ರೇಷನ್ ವಿಚಾರದಲ್ಲಿ ಮಾತ್ರ ದಾರಿ ಈಗಾಗಲೇ ಇದೆ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಗೆ ಅಸ್ಸಾಂ 2022ರ ಜೂನ್‌ನಲ್ಲಿ ಸೇರಿತು. ಅಲ್ಲಿನ ಕಾರ್ಡಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿ ಕೇಂದ್ರದ ಪಾಲಿನ ಅಕ್ಕಿ ತೆಗೆದುಕೊಳ್ಳಬಹುದು. ಲೈನಿನಲ್ಲಿ ಇದನ್ನು ಹೇಳಿದರೆ ನಂಬದೆ ನಗುತ್ತಾರೆ.

ಕೇರಳದಲ್ಲೂ ಹೊರರಾಜ್ಯದ ಕೂಲಿಗಳು ಬಹಳ ಜನ ಇದ್ದಾರೆ. ಅಲ್ಲಿನ ಸರ್ಕಾರ 2017ರಲ್ಲಿ ‘ಆವಾಜ್’ ಅಂತ ಒಂದು ವಿಮೆ ತಂದಿತು. ಹೆಸರು ಬರೆಸಿದರೆ 15,000 ರೂಪಾಯಿವರೆಗೆ ಚಿಕಿತ್ಸೆ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ ಎರಡು ಲಕ್ಷ. ಮೊತ್ತ ದೊಡ್ಡದಲ್ಲ. ಅಲ್ಲೂ ಅನುಮಾನ, ಬೈಗುಳ ಎಲ್ಲ ಇವೆ. ಆದರೆ ನೋಂದಣಿ ಮಾಡಿಸಿಕೊಂಡರೆ ನನಗೇನು ಸಿಗುತ್ತದೆ ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರ ಇತ್ತು. ನಮ್ಮಲ್ಲಿ ಹೆಸರು ಬರೆಸಿದರೆ ಸಿಗುವುದು ಸ್ಟೇಷನ್ನಿಗೆ ಬಾ ಎಂಬ ಕರೆ ಮಾತ್ರ. ಅದಕ್ಕೇ ಆ ಮಾತೆತ್ತಿದರೆ ಜನ ಗಂಟುಮೂಟೆ ಕಟ್ಟುತ್ತಾರೆ.

ಇವರ ಲೆಕ್ಕ ಇಡುವ ಕೆಲಸ ಅಂಥ ಕಷ್ಟದ್ದೂ ಅಲ್ಲ. ಪೊಲೀಸರಿಗೆ ಕೊಡುವ ಪಟ್ಟಿಯನ್ನೇ ಕಾರ್ಮಿಕ ಇಲಾಖೆಗೂ ಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಮೇಸ್ತ್ರಿಯ ಹೆಸರು, ಕೊಟ್ಟ ಮುಂಗಡ, ಕೆಜಿಗೆ ಒಪ್ಪಿದ ದರ, ಊರಲ್ಲಿ ಯಾರಿಗೆ ಫೋನ್ ಮಾಡಬೇಕು ಅನ್ನುವ ನಾಲ್ಕು ಕಾಲಂ ಸೇರಿಸಿದರೆ ಸಾಕು. ಮುಂಗಡದ ಜಗಳದಲ್ಲಿ ಬೆಳೆಗಾರನಿಗೂ ಅದರಿಂದ ಲಾಭವೇ. ಪರಿಚಯದ ಬೆಳೆಗಾರರೊಬ್ಬರ ಮುಂದೆ ಇದನ್ನು ಇಟ್ಟೆ. ಒಳ್ಳೆಯ ಮನುಷ್ಯ, ಲೈನಿಗೆ ಬಿಸಿನೀರಿನ ವ್ಯವಸ್ಥೆ ಮಾಡಿಸಿದವರು. ಸ್ವಲ್ಪ ಹೊತ್ತು ಯೋಚಿಸಿ ನೇರವಾಗಿ ಹೇಳಿದರು: ‘ಪೊಲೀಸ್ರಿಗೆ ಪಟ್ಟಿ ಕೊಟ್ರೆ ನಮ್ಮ ಕೆಲ್ಸ ಮುಗೀತು ಮಾರಾಯ್ರೆ. ಲೇಬರ್ ಇನ್‌ಸ್ಪೆಕ್ಟರಿಗೆ ಕೊಟ್ರೆ ಅಲ್ಲಿಂದ ಶುರುವಾಗ್ತದೆ.’